ಹೊಸ ಮನೆಗೆ ಹಳೆ ಕುರ್ಚಿ: ಮೊದಲ ಪಾಠಗಳು

ಹೊಸದಾಗಿ ಕಟ್ಟಿದ ಮನೆಗೋ ಅಪಾರ್ಟ್‌ಮೆಂಟಿನ ಫ್ಲಾಟಿಗೋ ಒಂದು ಹಳೆಯ ಕುರ್ಚಿ ತರಬೇಕೆಂಬ ಆಸೆ ಈಗ ಅನೇಕರಿಗಿದೆ. ಆಸೆ ಒಳ್ಳೆಯದೇ. ಆದರೆ ಅಂಗಡಿಯ ಬಾಗಿಲಲ್ಲಿ ನಿಂತಾಗ ಏನು ನೋಡಬೇಕು, ಏನು ಕೇಳಬೇಕು, ಮನೆಗೆ ತಂದ ಮೇಲೆ ಎಲ್ಲಿ ಇಡಬೇಕು ಎಂಬುದು ತೋಚುವುದಿಲ್ಲ. ಈ ಬರಹ ಅಂಥವರಿಗಾಗಿ. ಮರಗೆಲಸವಾಗಲಿ ಒಳಾಂಗಣ ವಿನ್ಯಾಸವಾಗಲಿ ನಿಮಗೆ ಗೊತ್ತಿರಬೇಕಾಗಿಲ್ಲ. ಒಂದು ಅಳತೆ ಟೇಪು, ಒಂದು ಸಣ್ಣ ಟಾರ್ಚು, ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಪಾಠದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕುರ್ಚಿ ಇರುವುದು ಕೂರುವುದಕ್ಕೆ. ಕೆತ್ತನೆಯ ಪೆಟ್ಟಿಗೆಯನ್ನೋ ಗೋಡೆಯ ಕನ್ನಡಿಯನ್ನೋ ದೂರದಿಂದ ನೋಡಿ ಮೆಚ್ಚಬಹುದು. ಕುರ್ಚಿಯನ್ನು ಮಾತ್ರ ಮೈಯಿಂದಲೇ ಅರಿಯಬೇಕು. ಯಾರೂ ಕೂರದ ಕುರ್ಚಿ ಎಷ್ಟೇ ಹಳೆಯದಾಗಿರಲಿ, ಕೆಲವೇ ದಿನಗಳಲ್ಲಿ ಅದರ ಮೇಲೆ ಒಗೆದ ಬಟ್ಟೆ, ಹಳೆ ಪತ್ರಿಕೆ ರಾಶಿ ಬೀಳುತ್ತದೆ. ಆದ್ದರಿಂದ ಕುರ್ಚಿ ಮೊದಲು ಮೈಗೆ ಒಪ್ಪಬೇಕು, ಆಮೇಲೆ ಅದರ ಕಟ್ಟು ಗಟ್ಟಿಯಿರಬೇಕು, ಕೊನೆಗೆ ಕೋಣೆಗೆ ಹೊಂದಬೇಕು. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಕೋಣೆಗೆ ಚೆಂದ ಕಾಣುತ್ತದೆಂದು ತಂದ ಕುರ್ಚಿ ಬೆನ್ನು ನೋಯಿಸಿದರೆ ಆ ಚೆಂದ ಬಹಳ ದಿನ ಬಾಳುವುದಿಲ್ಲ.

ಎಷ್ಟು ಹಳೆಯದಾದರೆ ಹಳೆಯದು?

ಅಂಗಡಿಗಳಲ್ಲಿ ಎಲ್ಲವನ್ನೂ ‘ಆಂಟಿಕ್’ ಎಂದೇ ಕರೆಯುತ್ತಾರೆ. ನಮ್ಮ ದೇಶದ ಕಾನೂನು ಇದಕ್ಕೊಂದು ಗಡಿ ಹಾಕಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಕುರ್ಚಿಯಂಥ ವಸ್ತು ಪುರಾವಸ್ತು ಎನಿಸಿಕೊಳ್ಳಲು ಅದಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಅಂಥದ್ದನ್ನು ಖಾಸಗಿಯವರು ದೇಶದಿಂದಾಚೆಗೆ ಒಯ್ಯುವಂತಿಲ್ಲ. ಮಾರುವ ವ್ಯಾಪಾರಿಗೆ ಪರವಾನಗಿ ಬೇಕು.

ನೂರು ವರ್ಷ ತುಂಬಿದ ಕುರ್ಚಿಗಳು ಇವೆ, ಆದರೆ ಕಡಿಮೆ. ನಿಮಗೆ ಹೆಚ್ಚಾಗಿ ಸಿಗುವುದು ಐವತ್ತು, ಅರವತ್ತು, ಎಂಬತ್ತು ವರ್ಷದವು: ಹಳೆಯ ಕಚೇರಿಗಳಿಂದ, ಶಾಲೆಗಳಿಂದ, ಪಾಲಾಗುತ್ತಿರುವ ಕೂಡುಕುಟುಂಬದ ಮನೆಗಳಿಂದ, ತೋಟದ ಬಂಗಲೆಗಳಿಂದ ಬಂದವು. ಇವು ಕಾನೂನಿನ ಲೆಕ್ಕದಲ್ಲಿ ಪುರಾವಸ್ತು ಅಲ್ಲ. ಅದರಿಂದ ಇವುಗಳ ಬೆಲೆ ತಗ್ಗಬಹುದು, ಗುಣವೇನೂ ತಗ್ಗುವುದಿಲ್ಲ. ದಿನಬಳಕೆಗೆ ಇವೇ ಮೇಲು. ನಿಜಕ್ಕೂ ನೂರು ದಾಟಿದ ಕುರ್ಚಿಯನ್ನು ಮುಟ್ಟುವಾಗ, ದುರಸ್ತಿ ಮಾಡಿಸುವಾಗ ಎಚ್ಚರದಿಂದ ನಡೆಯಬೇಕು; ಎಂಬತ್ತರ ಕುರ್ಚಿಯಲ್ಲಿ ಮಕ್ಕಳು ಕೂತು ಓದಬಹುದು.

ನಮ್ಮ ಸುತ್ತ ಸಿಗುವ ಬಗೆಗಳು

ಹಳೆ ಕುರ್ಚಿಗಳ ಲೋಕ ದೊಡ್ಡದು. ಮೊದಲಿಗೆ ಐದು ಬಗೆಗಳನ್ನು ಗುರುತಿಸಲು ಕಲಿತರೆ ಸಾಕು.

ಮೊದಲನೆಯದು ಬೆತ್ತದ ಕಚೇರಿ ಕುರ್ಚಿ. ತೇಗದ ಚೌಕಟ್ಟು, ಹೆಣೆದ ಬೆತ್ತದ ಸೀಟು, ಕೆಲವಕ್ಕೆ ಬೆತ್ತದ್ದೇ ಒರಗು. ತಾಲ್ಲೂಕು ಕಚೇರಿ, ಕೋರ್ಟು, ರೈಲ್ವೆ ನಿಲ್ದಾಣ, ವಕೀಲರ ಕೋಣೆ, ಇವೆಲ್ಲ ಕಡೆ ಇದ್ದದ್ದು ಇದೇ. ಬೆತ್ತವನ್ನು ಆರಿಸಿದ್ದು ಅಲಂಕಾರಕ್ಕಲ್ಲ. ಬೇಸಿಗೆಯಲ್ಲಿ ದಿನವಿಡೀ ಕೂರುವವರ ಬೆನ್ನಿಗೆ, ತೊಡೆಗೆ ಗಾಳಿಯಾಡಬೇಕಿತ್ತು. ಮೆತ್ತೆ ಹಾಕಿದ ಸೀಟು ಬೆವರು ಹಿಡಿಯುತ್ತದೆ, ಮಳೆಗಾಲದಲ್ಲಿ ಮುಗ್ಗುತ್ತದೆ. ಬೆತ್ತಕ್ಕೆ ಆ ತೊಂದರೆಗಳಿಲ್ಲ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಹಗುರ, ಜಾಗ ಕಡಿಮೆ, ದುರಸ್ತಿ ಸುಲಭ, ಯಾವ ಕೋಣೆಗೂ ಹೊಂದುತ್ತದೆ.

ಎರಡನೆಯದು ಈಸಿಚೇರು, ಅಂದರೆ ಒರಗು ಕುರ್ಚಿ. ಇದರಲ್ಲಿ ಎರಡು ಕುಲ. ಒಂದು, ಮಡಚುವ ಚೌಕಟ್ಟಿಗೆ ದಪ್ಪ ಕ್ಯಾನ್ವಾಸ್ ಬಟ್ಟೆ ತೂಗುಹಾಕಿದ್ದು. ಹಳ್ಳಿಯ ಜಗಲಿಯಲ್ಲಿ, ಪೇಟೆಯ ವರಾಂಡದಲ್ಲಿ ಹಿರಿಯರು ಪತ್ರಿಕೆ ಹಿಡಿದು ಒರಗುತ್ತಿದ್ದದ್ದು. ಇನ್ನೊಂದು, ಬೆತ್ತ ಹೆಣೆದ ದೊಡ್ಡ ಕುರ್ಚಿ. ಅದರ ಕೈಗಳು ಉದ್ದ. ಕೆಲವದರಲ್ಲಿ ಕೈಯ ಅಡಿಯಿಂದ ಇನ್ನೊಂದು ಪಟ್ಟಿ ತಿರುಗಿ ಮುಂದಕ್ಕೆ ಚಾಚುತ್ತದೆ. ಆ ಪಟ್ಟಿಗಳ ಮೇಲೆ ಕಾಲು ಚಾಚಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳ ವರಾಂಡದಲ್ಲೂ ನೆಲೆನಿಂತ ಇದಕ್ಕೆ ಪ್ಲಾಂಟರ್ ಚೇರ್ ಎಂಬ ಹೆಸರಿದೆ.

ಮೂರನೆಯದು ಬಾಗಿಸಿದ ಮರದ ಕುರ್ಚಿ. ಜರ್ಮನಿಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಮಿಖಾಯೆಲ್ ಥೋನೆಟ್ ಬೀಚ್ ಮರದ ದಂಡಗಳನ್ನು ಹಬೆಯಲ್ಲಿ ಮೆದುಗೊಳಿಸಿ ಬಾಗಿಸುವ ವಿದ್ಯೆಯನ್ನು ಪಳಗಿಸಿದರು. 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ ಮಾತ್ರ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಾಗಾಗಿಯೇ ಅದು ಹಡಗು ಹತ್ತಿ ಲೋಕವೆಲ್ಲ ಸುತ್ತಿತು. ಮುಂಬಯಿಯ ಇರಾನಿ ಕೆಫೆಗಳಲ್ಲಿ ದುಂಡು ಮೇಜಿನ ಸುತ್ತ ನೀವು ಕಂಡಿರುವ ಬಾಗು ಬೆನ್ನಿನ ಕುರ್ಚಿಗಳು ಈ ವಂಶದವೇ. 1869ರಲ್ಲಿ ಥೋನೆಟ್ ಅವರ ಪೇಟೆಂಟ್ ಹಕ್ಕು ಮುಗಿದ ಮೇಲೆ ಬೇರೆ ಕಾರ್ಖಾನೆಗಳೂ ಇದೇ ರೀತಿ ಮಾಡಿದವು. ಸೀಟಿನ ಬಳೆಯ ಒಳಬದಿಯಲ್ಲಿ ಅಂಟಿಸಿದ ಚೀಟಿಯೋ ಒತ್ತಿದ ಮುದ್ರೆಯೋ ಇದ್ದರೆ ಯಾರು ಮಾಡಿದ್ದೆಂದು ತಿಳಿಯಬಹುದು.

ನಾಲ್ಕನೆಯದು ರೂರ್ಕಿ ಕುರ್ಚಿ. ಈಗಿನ ಉತ್ತರಾಖಂಡದಲ್ಲಿರುವ ರೂರ್ಕಿ ಬ್ರಿಟಿಷ್ ಕಾಲದಿಂದಲೂ ಸೇನೆಯ ಎಂಜಿನಿಯರುಗಳ ನೆಲೆ. ದಂಡಯಾತ್ರೆಯಲ್ಲಿ ಬಿಚ್ಚಿ ಕಟ್ಟಿ ಒಯ್ಯಲು ಬರುವಂತೆ ಮಾಡಿದ ಈ ಕುರ್ಚಿಗೆ ಆ ಊರಿನ ಹೆಸರೇ ಬಂತು. ಕೀಲುಗಳಿಗೆ ಅಂಟಿಲ್ಲ, ಅಡ್ಡದಂಡಗಳ ತುದಿ ಕಾಲಿನ ತೂತುಗಳಲ್ಲಿ ಸೇರಿಕೊಳ್ಳುತ್ತದೆ. ಸೀಟು, ಒರಗು ಎರಡೂ ಬಟ್ಟೆ ಅಥವಾ ಚರ್ಮ. ಕೂತವರ ಭಾರವೇ ಕೀಲನ್ನು ಬಿಗಿ ಮಾಡುತ್ತದೆ, ನೆಲ ಏರುತಗ್ಗಿದ್ದರೂ ನಾಲ್ಕು ಕಾಲೂ ಊರುತ್ತವೆ. ಡೆನ್ಮಾರ್ಕಿನ ವಿನ್ಯಾಸಕ ಕಾರೆ ಕ್ಲಿಂಟ್ 1933ರಲ್ಲಿ ರೂಪಿಸಿದ ಸಫಾರಿ ಕುರ್ಚಿಗೆ ಇದೇ ಮಾದರಿ. ಹೊಸ ಕಾಲದ ಮನೆಗೆ ಇದು ಸಲೀಸಾಗಿ ಹೊಂದಿಕೊಳ್ಳುವುದಕ್ಕೆ ಕಾರಣವೂ ಅದೇ: ಆಧುನಿಕ ವಿನ್ಯಾಸ ಇದರಿಂದಲೂ ಕಲಿತಿದೆ.

ಐದನೆಯದು ಚಂಡೀಗಢದ ಕುರ್ಚಿ. 1950ರ ದಶಕದಲ್ಲಿ ಆ ನಗರ ಕಟ್ಟುವಾಗ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಜೊತೆ ದುಡಿದ ಪಿಯೆರ್ ಜೆನರೆ ಮತ್ತು ಅವರ ತಂಡ ಸರ್ಕಾರಿ ಕಚೇರಿ, ಕಾಲೇಜುಗಳಿಗೆಂದು ತೇಗ ಮತ್ತು ಬೆತ್ತದಲ್ಲಿ ಈ ಕುರ್ಚಿಗಳನ್ನು ರೂಪಿಸಿದರು. ಪಕ್ಕದಿಂದ ನೋಡಿದರೆ ಕಾಲುಗಳು ತಲೆಕೆಳಗಾದ ಇಂಗ್ಲಿಷ್ ‘ವಿ’ ಅಕ್ಷರದ ಹಾಗೆ ಕಾಣುತ್ತವೆ. ಮುಂದೆ ಇವನ್ನು ಗುಜರಿಗೆ ಹಾಕಿದರು. ಅವು ಯುರೋಪು, ಅಮೆರಿಕಗಳ ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪರಂಪರೆಯ ವಸ್ತುಗಳನ್ನು ಮಾರದಂತೆ, ಹೊರಗೆ ಕಳುಹಿಸದಂತೆ ಆದೇಶಿಸಿತು. ಈಗ ಪೇಟೆಯಲ್ಲಿ ಕಾಣುವವು ಬಹುಪಾಲು ನಕಲು. ನಕಲು ಎಂದು ತಿಳಿದು ನಕಲಿನ ಬೆಲೆಗೆ ಕೊಂಡರೆ ತಪ್ಪಿಲ್ಲ. ಅಸಲೆಂದು ನಂಬಿ ಹಣ ಕೊಡಬೇಡಿ.

ಮೊದಲ ಪರೀಕ್ಷೆ: ಕೂತು ನೋಡಿ

ಅಂಗಡಿಯಲ್ಲಿ ಕುರ್ಚಿ ಕಣ್ಣಿಗೆ ಬಿದ್ದ ಕೂಡಲೇ ಬೆಲೆ ಕೇಳಬೇಡಿ. ಕೂರಿ. ಒಂದು ನಿಮಿಷ ಅಲ್ಲ, ಹತ್ತು ನಿಮಿಷ. ಅಂಗಡಿಯವರು ಬೇಸರಿಸಿಕೊಳ್ಳುವುದಿಲ್ಲ, ಕೂತು ನೋಡುವವರೇ ನಿಜವಾಗಿ ಕೊಳ್ಳುವವರು ಎಂದು ಅವರಿಗೆ ಗೊತ್ತು.

ಕೂತಾಗ ಗಮನಿಸಬೇಕಾದ್ದು ನಾಲ್ಕು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತಿವೆಯೇ? ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯುತ್ತದೆಯೇ? ಕೈ ಇಟ್ಟರೆ ಭುಜ ಮೇಲೇಳದೆ ಇರುತ್ತದೆಯೇ? ಒರಗು ನಿಮ್ಮ ಸೊಂಟದ ಮೇಲ್ಭಾಗಕ್ಕೆ ಆಸರೆ ಕೊಡುತ್ತದೆಯೇ? ನಾಲ್ಕಕ್ಕೂ ಹೌದು ಎಂದರೆ ಮುಂದಿನ ಪರೀಕ್ಷೆಗೆ ಹೋಗಬಹುದು.

ಊಟದ ಮೇಜಿಗೆ ಕುರ್ಚಿ ಬೇಕಾದರೆ ಟೇಪು ತೆಗೆಯಿರಿ. ಸಾಮಾನ್ಯವಾಗಿ ಊಟದ ಕುರ್ಚಿಯ ಸೀಟು ನೆಲದಿಂದ 17–18 ಇಂಚು, ಮೇಜು 29–30 ಇಂಚು ಎತ್ತರ ಇರುತ್ತದೆ. ಸೀಟಿನಿಂದ ಮೇಜಿನ ಮೇಲ್ಮೈಗೆ 10ರಿಂದ 12 ಇಂಚು ಅಂತರ ಇದ್ದರೆ ಉಣ್ಣುವ ಕೈ ಆರಾಮಾಗಿ ಆಡುತ್ತದೆ. ಹಳೆಯ ಕುರ್ಚಿಗಳ ಕಾಲಿನ ತುದಿಯನ್ನು ಯಾರೋ ಕೊಯ್ದಿರಬಹುದು, ಅದಕ್ಕೇ ಕಣ್ಣಳತೆ ಸಾಲದು. ಕೈ ಇರುವ ಕುರ್ಚಿಯಾದರೆ ಕೈಗಳು ಮೇಜಿನಡಿ ನುಗ್ಗುತ್ತವೆಯೇ ಎಂದೂ ಅಳೆಯಿರಿ.

ಯಾರು ಕೂರುತ್ತಾರೆ ಎಂಬುದನ್ನೂ ಯೋಚಿಸಿ. ಪ್ಲಾಂಟರ್ ಚೇರಿನ ಸೀಟು ತಗ್ಗು, ಒರಗು ಹಿಂದಕ್ಕೆ ವಾಲಿದ್ದು. ಮಂಡಿನೋವಿನ ಹಿರಿಯರು ಅದರಲ್ಲಿ ಸುಖವಾಗಿ ಕೂತರೂ ಏಳುವುದು ಕಷ್ಟ. ಅವರಿಗೆ 18 ಇಂಚಿಗೆ ಕಡಿಮೆಯಿಲ್ಲದ ಸೀಟು, ಊರಿ ಏಳಲು ಬಲವಾದ ಕೈ, ನೆಟ್ಟಗಿನ ಒರಗು ಇರುವ ಕುರ್ಚಿ ಬೇಕು. ಹಳೆಯ ಕಚೇರಿಗಳ ಕೈ ಕುರ್ಚಿಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ.

ಎರಡನೆಯ ಪರೀಕ್ಷೆ: ತಲೆಕೆಳಗು ಮಾಡಿ ನೋಡಿ

ಕುರ್ಚಿಯ ಮುಖ ಪಾಲಿಶ್‌ನಲ್ಲಿ ಮುಚ್ಚಿರುತ್ತದೆ. ನಿಜ ಇರುವುದು ಅಡಿಯಲ್ಲಿ. ಅಂಗಡಿಯವರನ್ನು ಕೇಳಿ ಕುರ್ಚಿಯನ್ನು ಮಗುಚಿ, ಟಾರ್ಚು ಬಿಟ್ಟು ನೋಡಿ.

ಮೊದಲು ಕೀಲುಗಳು. ಒಳ್ಳೆಯ ಹಳೆ ಕುರ್ಚಿಯಲ್ಲಿ ಒಂದು ಮರದ ತುದಿಯನ್ನು ಸಣ್ಣದಾಗಿ ಕೆತ್ತಿ ಇನ್ನೊಂದರ ಚೌಕ ತೂತಿಗೆ ಕೂರಿಸಿರುತ್ತಾರೆ. ಕೆಲವು ಕಡೆ ಅಡ್ಡಲಾಗಿ ಮರದ ಬೆಣೆ ಹೊಡೆದಿರುತ್ತಾರೆ. ಒರಗು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸ್ವಲ್ಪ ಸಡಿಲ ಇದ್ದರೆ ಹೆದರಬೇಕಿಲ್ಲ. ಹಿಂದಿನ ಬಡಗಿಗಳು ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಅಂಟು. ಅದು ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಕೀಲನ್ನು ಮರಕ್ಕೆ ಏಟಾಗದಂತೆ ಬಿಚ್ಚಿ, ಒರೆಸಿ, ಮತ್ತೆ ಅಂಟಿಸಬಹುದು. ಸಡಿಲವಾದ ಕೀಲಿಗೆ ಯಾರೋ ಮೊಳೆ ಹೊಡೆದಿದ್ದರೆ, ಕಬ್ಬಿಣದ ಮೂಲೆಪಟ್ಟಿ ಬಿಗಿದಿದ್ದರೆ ಅಲ್ಲಿ ಮರ ಸೀಳಿದೆಯೇ ಎಂದು ಚೆನ್ನಾಗಿ ನೋಡಿ. ಮೊಳೆ ಕೀಲನ್ನು ಉಳಿಸುವುದಿಲ್ಲ, ಒಳಗಿನಿಂದ ಒಡೆಯುತ್ತದೆ.

ಆಮೇಲೆ ವಯಸ್ಸಿನ ಗುರುತುಗಳು. ‘ಪ್ಲಸ್’ ತಲೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಅಮೆರಿಕದಲ್ಲಿ. ಅಂಥ ಸ್ಕ್ರೂ ಕಂಡರೆ ಕುರ್ಚಿ ಅದಕ್ಕಿಂತ ಈಚಿನದು, ಇಲ್ಲವೇ ಈಚೆಗೆ ದುರಸ್ತಿಯಾಗಿದೆ. ಅಡಿಭಾಗದ ಮರದಲ್ಲಿ ಕಮಾನಿನಂಥ ಗೆರೆಗಳಿದ್ದರೆ ಅದು ತಿರುಗುವ ಚಕ್ರಗರಗಸದ ಕೊಯ್ತ. ನೇರವಾದ, ಸ್ವಲ್ಪ ಹೆಚ್ಚುಕಡಿಮೆಯ ಗೆರೆಗಳಿದ್ದರೆ ಕೈಗರಗಸದ್ದು. ಲೇತಿಗೆ ಹಾಕಿ ಕಡೆದ ದುಂಡು ಕಾಲನ್ನು ಎರಡು ದಿಕ್ಕಿನಿಂದ ಅಳೆಯಿರಿ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ದಶಕಗಳು ಕಳೆದ ದುಂಡು ಕಾಲು ತುಸು ಮೊಟ್ಟೆಯಾಕಾರ ತಾಳಿರುತ್ತದೆ.

ಸವೆತ ಎಲ್ಲಿದೆ ಎಂಬುದು ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಜನ ಕೈಯಿಟ್ಟು ಉಜ್ಜುವ ತುದಿಗಳು, ಕಾಲಿಡುವ ಮುಂದಿನ ಅಡ್ಡಪಟ್ಟಿ, ಕುರ್ಚಿ ಎಳೆಯುವಾಗ ಹಿಡಿಯುವ ಒರಗಿನ ಮೇಲಂಚು, ಇವು ನುಣುಪಾಗಿ ಸವೆದಿರಬೇಕು. ಯಾರ ಕೈಯೂ ಕಾಲೂ ತಾಗದ ಕಡೆ ಏಟಿನ ಗುರುತು, ಎಲ್ಲೆಡೆ ಒಂದೇ ಸಮನಾದ ಕಪ್ಪು ಬಣ್ಣ ಇದ್ದರೆ ಅದು ಹಳತಾದದ್ದಲ್ಲ, ಹಳತು ಮಾಡಿದ್ದು. ಹಳೆ ಮನೆ ಕೆಡವಿದ ತೊಲೆಗಳಿಂದ ಹೊಸದಾಗಿ ಮಾಡಿದ ಕುರ್ಚಿಗಳೂ ಸಿಗುತ್ತವೆ. ಮಾರುವವರು ಅದನ್ನು ಮುಚ್ಚಿಡದೆ ಹೇಳಿದರೆ ಅವೂ ಒಳ್ಳೆಯ ಕುರ್ಚಿಗಳೇ.

ಕೊನೆಗೆ ಕಾಲಿನ ತುದಿ ಮತ್ತು ಹುಳು. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವೆ. ವರ್ಷಗಟ್ಟಲೆ ಒದ್ದೆ ಹೀರಿ ಕಾಲಿನ ತುದಿ ಕೊಳೆತಿರುತ್ತದೆ. ಉಗುರಿನಿಂದ ಒತ್ತಿ ನೋಡಿ. ಸಣ್ಣ ದುಂಡು ತೂತುಗಳು ಕಂಡರೆ ಕುಟ್ಟೆ ಹಿಡಿದ ಗುರುತು. ತೂತು ಹಳೆಯದೋ, ಹುಳು ಈಗಲೂ ಇದೆಯೋ ತಿಳಿಯಲು ಕುರ್ಚಿಯನ್ನು ಬಿಳಿ ಹಾಳೆಯ ಮೇಲಿಟ್ಟು ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ, ಒರೆಸಿದ ಮೇಲೂ ಕೆಲವು ದಿನದಲ್ಲಿ ಮತ್ತೆ ಉದುರಿದರೆ ಹುಳು ಜೀವಂತವಾಗಿದೆ. ಅದನ್ನು ಮನೆಯ ಬೇರೆ ಮರದ ಸಾಮಾನಿನ ಹತ್ತಿರ ತರುವ ಮುಂಚೆ ಔಷಧಿ ಹಾಕಿಸಬೇಕು.

ಮರ, ಬೆತ್ತ, ಪಾಲಿಶ್

ಮರದಲ್ಲಿ ನಿಮಗೆ ಹೆಚ್ಚಾಗಿ ಸಿಗುವುದು ತೇಗ ಮತ್ತು ಬೀಟೆ. ಮನೆಬಳಕೆಯ ಸಾದಾ ಕುರ್ಚಿಗಳಲ್ಲಿ ಹಲಸೂ ಉಂಟು. ತೇಗ ಹೊಂಬಣ್ಣದಿಂದ ಕಂದು. ಅದರೊಳಗಿನ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಬೀಟೆ ಭಾರ, ನೇರಳೆ ಛಾಯೆಯ ಗಾಢ ಕಂದು, ನಡುವೆ ಕಪ್ಪು ಗೆರೆ. ಹಲಸು ಹಳದಿಯಾಗಿದ್ದು ವರ್ಷ ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಯಾವ ಮರವಾದರೂ ಒಳಗಿನ ಕೆಚ್ಚು ಗಟ್ಟಿ. ಹೊರಭಾಗದ ಬಿಳಿಮರಕ್ಕೆ ಹುಳು ಬೇಗ ಬೀಳುತ್ತದೆ. ಬಾಗಿಸಿದ ಕುರ್ಚಿಗಳ ಬೀಚ್ ಮರಕ್ಕೆ ನಮ್ಮ ಹವೆಯಲ್ಲಿ ಕುಟ್ಟೆಯ ಕಾಟ ಹೆಚ್ಚು, ಅವನ್ನು ಇನ್ನಷ್ಟು ಎಚ್ಚರದಿಂದ ನೋಡಿ.

ಬೆತ್ತದಲ್ಲಿ ಎರಡು ಬಗೆಯ ಕೆಲಸವಿದೆ. ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿದ್ದು ಎಳೆಎಳೆಯಾಗಿ ಹೆಣೆದಿದ್ದರೆ ಅದು ಕೈಹೆಣಿಗೆ. ಉದ್ದಕ್ಕೆ ಎರಡು ಸಾಲು, ಅಡ್ಡಕ್ಕೆ ಎರಡು ಸಾಲು, ಓರೆಯಾಗಿ ಎರಡು ದಿಕ್ಕಿಗೆ ಒಂದೊಂದು, ಹೀಗೆ ಆರು ಸುತ್ತು ಮುಗಿದಾಗ ಎಂಟು ಮೂಲೆಯ ಕಂಡಿಗಳು ಮೂಡುತ್ತವೆ. ತೂತುಗಳಿಲ್ಲದೆ, ಅಂಚಿನ ತೋಡಿನಲ್ಲಿ ಬೆತ್ತದ ಹಾಳೆಯನ್ನು ಒತ್ತಿ ಕೂರಿಸಿದ್ದರೆ ಅದು ಯಂತ್ರದಲ್ಲಿ ನೇಯ್ದ ಹಾಳೆ. ಕೈಹೆಣಿಗೆಗೆ ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ತೂತುಗಳಿರುವ ಕುರ್ಚಿಗೆ ಹಾಳೆ ಅಂಟಿಸಿ ಮುಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಜೋತುಬಿದ್ದ ಬೆತ್ತವನ್ನೆಲ್ಲ ಬದಲಿಸಬೇಕಾಗಿಲ್ಲ. ಎಳೆ ತುಂಡಾಗದೆ ಬರೀ ಸಡಿಲವಾಗಿದ್ದರೆ ಕುರ್ಚಿಯನ್ನು ಮಗುಚಿ, ಬೆಚ್ಚನೆಯ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆತ್ತದ ಅಡಿಬದಿಗೆ ಹೊದಿಸಿ ಅರ್ಧ ಗಂಟೆ ಬಿಡಿ. ನೀರು ಮರಕ್ಕೆ ಹರಿಯದಿರಲಿ. ಆಮೇಲೆ ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಒಣಗುವಾಗ ಬೆತ್ತ ಎಳೆದುಕೊಂಡು ಬಿಗಿಯಾಗುತ್ತದೆ. ಅಲ್ಲಿಯ ತನಕ ಯಾರೂ ಕೂರಬಾರದು.

ಇನ್ನು ಪಾಲಿಶ್. ಹಳೆ ಕುರ್ಚಿಗಳ ಹೊಳಪು ಹೆಚ್ಚಾಗಿ ಅರಗಿನದು. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹತ್ತಿ ಉಂಡೆಯಿಂದ ಪದರಪದರವಾಗಿ ತೀಡುವುದನ್ನು ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣದ ಮೆರುಗು ಕೊಡುವುದೂ ಅರಗೇ. ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಚ್ಚಿ ಉಜ್ಜಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಇದರ ದೊಡ್ಡ ಅನುಕೂಲ ಏನೆಂದರೆ ಗೀರು ಬಿದ್ದ ಕಡೆ ಮಾತ್ರ ಮತ್ತೆ ತೀಡಿ ಸರಿಮಾಡಬಹುದು. ಅನನುಕೂಲ, ಬಿಸಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ, ಸ್ಯಾನಿಟೈಸರ್ ಬಿದ್ದರೆ ಕರಗುತ್ತದೆ.

ಕುರ್ಚಿ ಮನೆಗೆ ಬಂದ ಕೂಡಲೇ ಉಪ್ಪುಕಾಗದದಲ್ಲಿ ಉಜ್ಜಿಸಿ ಹೊಸ ಮರದಂತೆ ಮಾಡಿಸುವ ಉತ್ಸಾಹ ಅನೇಕರಿಗೆ ಬರುತ್ತದೆ. ದಯವಿಟ್ಟು ತಡೆಯಿರಿ. ದಶಕಗಳ ಕೈ, ಬೆಳಕು, ಗಾಳಿ ಸೇರಿ ಮರದ ಮೇಲ್ಮೈಗೆ ಕೊಟ್ಟ ಬಣ್ಣವನ್ನು ಯಾವ ಬಡಗಿಯೂ ಮತ್ತೆ ತರಲಾರ. ಮೊದಲು ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಜೇನುಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಮೇಲ್ಮೈ ಪೂರ್ತಿ ಹಾಳಾಗಿದ್ದರೆ ಮಾತ್ರ ಹೊಸ ಪಾಲಿಶ್, ಅದೂ ಅರಗಿನದೇ ಇರಲಿ. ದಪ್ಪ ಪದರದ ಪಾಲಿಶ್‌ಗಳಾದ ಪಿಯು, ಮೆಲಮೈನ್‌ಗಳು ಮರವನ್ನು ಪ್ಲಾಸ್ಟಿಕ್ಕಿನೊಳಗೆ ಇಟ್ಟಂತೆ ಕಾಣಿಸುತ್ತವೆ.

ಮೂರನೆಯ ಪರೀಕ್ಷೆ: ಕೋಣೆಯಲ್ಲಿ ಜಾಗ

ಕುರ್ಚಿ ಮೈಗೆ ಒಪ್ಪಿತು, ಕಟ್ಟೂ ಗಟ್ಟಿಯಿದೆ. ಈಗ ಕೋಣೆಯ ಮಾತು. ಕೊಳ್ಳುವ ಮುಂಚೆ ಲಿಫ್ಟಿನ ಬಾಗಿಲು, ಮನೆಯ ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೊಳ್ಳಿ. ಕೈ ಚಾಚಿದ ಪ್ಲಾಂಟರ್ ಚೇರಿಗೆ ಸುಮಾರು ಐದು ಅಡಿ ಉದ್ದ ಬೇಕು. ಸುತ್ತ ಓಡಾಡಲು ಎರಡೂವರೆ ಮೂರು ಅಡಿ ಬೇರೆ. ಅಷ್ಟು ಅಳತೆಗೆ ಹಳೆ ಪತ್ರಿಕೆಗಳನ್ನು ನೆಲಕ್ಕೆ ಅಂಟಿಸಿ ಎರಡು ದಿನ ಅದರ ಸುತ್ತ ಓಡಾಡಿ ನೋಡಿ. ಎಡವುತ್ತಿದ್ದರೆ ಆ ಕುರ್ಚಿ ಆ ಕೋಣೆಗಲ್ಲ.

ಒಂದು ಕೋಣೆಯಲ್ಲಿ ಸಂಖ್ಯೆ ಕಡಿಮೆಯಿರಲಿ. ಹೊಸ ಸೋಫಾ, ಸಾದಾ ಗೋಡೆ, ನೇರ ಗೆರೆಯ ಕಪಾಟುಗಳ ನಡುವೆ ಒಂದೇ ಒಂದು ಹಳೆ ಕುರ್ಚಿ ಇದ್ದರೆ ಅದು ಎದ್ದು ಕಾಣುತ್ತದೆ. ಅದರ ಬಾಗು, ಕೆತ್ತನೆ, ಹೆಣಿಗೆ ಕಣ್ಣಿಗೆ ಸಿಗುತ್ತವೆ. ಆರು ತಂದು ಇಟ್ಟರೆ ಒಂದೂ ಕಾಣುವುದಿಲ್ಲ. ಬೆನ್ನಿಗೆ ತಿಳಿಬಣ್ಣದ ಗೋಡೆ ಇದ್ದರೆ ಗಾಢ ಬೀಟೆ, ತೇಗ ಚೆನ್ನಾಗಿ ತೋರುತ್ತವೆ. ಗಾಢ ಬಣ್ಣದ ಮರದ ಹಲಗೆಯ ಗೋಡೆ ಎದುರು ಅದೇ ಕುರ್ಚಿ ಕರಗಿಹೋಗುತ್ತದೆ. ಬೆತ್ತದ ಒರಗಿನ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಸ್ವಲ್ಪ ಮುಂದೆ, ತುಸು ಓರೆಯಾಗಿ, ಬೆಳಕು ಹೆಣಿಗೆಯ ಮೂಲಕ ಹಾಯುವಂತೆ ಇಡಿ. ಬಿಸಿಲು ಮಾತ್ರ ನೇರವಾಗಿ ಬೀಳದಿರಲಿ. ಅದು ಪಾಲಿಶ್ ಮಂಕಾಗಿಸುತ್ತದೆ, ಬೆತ್ತವನ್ನು ಬಿರಿಸುತ್ತದೆ.

ಪ್ರತಿ ಕುರ್ಚಿಗೆ ಒಂದು ಕೆಲಸ ಕೊಡಿ. ಬಾಗಿಲ ಬಳಿ ಕೈಯಿಲ್ಲದ ಬೆತ್ತದ ಕುರ್ಚಿ ಇದ್ದರೆ ಕೂತು ಚಪ್ಪಲಿ, ಬೂಟು ಹಾಕಿಕೊಳ್ಳಬಹುದು. ಕಿಟಕಿಯ ಪಕ್ಕ ಈಸಿಚೇರು, ಅದಕ್ಕೊಂದು ದೀಪ, ಕಾಫಿ ಲೋಟ ಇಡಲು ಸಣ್ಣ ಸ್ಟೂಲು ಜೊತೆಯಾದರೆ ಅದು ಓದುವ ಮೂಲೆ. ಓದುಮೇಜಿಗೆ ಹಳೆ ಕಚೇರಿಯ ಕೈ ಕುರ್ಚಿ. ಮಲಗುವ ಕೋಣೆಗೆ ರೂರ್ಕಿ ಕುರ್ಚಿ. ಬಾಲ್ಕನಿಗೆ ಮಳೆಯ ಇರಚಲು ಹೊಡೆಯುವುದಾದರೆ ಬೆತ್ತ ಬೇಡ. ಕ್ಯಾನ್ವಾಸಿನ ಮಡಚು ಕುರ್ಚಿಯಾದರೆ ಮೋಡ ಕಂಡಾಗ ಒಳಗೆ ತರಬಹುದು.

ಊಟದ ಮೇಜಿನ ಸುತ್ತ ಬೇರೆಬೇರೆ ಹಳೆ ಕುರ್ಚಿಗಳನ್ನು ಕೂಡಿಸುವುದು ಚೆಂದದ ಉಪಾಯ. ಆದರೆ ಒಂದಾದರೂ ಗುಣ ಎಲ್ಲದರಲ್ಲೂ ಸಮಾನವಾಗಿರಲಿ: ಒಂದೇ ಮರ, ಇಲ್ಲವೇ ಎಲ್ಲಕ್ಕೂ ಬೆತ್ತದ ಸೀಟು, ಇಲ್ಲವೇ ಒಂದೇ ಬಣ್ಣ. ಸೀಟಿನ ಎತ್ತರ ಮಾತ್ರ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ತಗ್ಗಿನ ಕುರ್ಚಿ ಸಿಕ್ಕವರಿಗೆ ಊಟ ರುಚಿಸುವುದಿಲ್ಲ.

ಜೊತೆಗಿಡುವ ಬಟ್ಟೆಯೂ ಹಗುರವಾಗಿರಲಿ. ಹೊಳೆಯುವ ಟೈಲ್ಸ್ ನೆಲದ ಮೇಲೆ ಹಳೆ ಕುರ್ಚಿ ಒಂಟಿಯಾಗಿ ತೋರಿದರೆ ಅಡಿಗೆ ಒಂದು ನವಲಗುಂದದ ಜಮಖಾನೆ ಹಾಸಿ. ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ದಿಂಬಿಗೆ ಕೈಮಗ್ಗದ ಹತ್ತಿಬಟ್ಟೆಯೋ ಗುಳೇದಗುಡ್ಡದ ಖಣವೋ ಸಾಕು. ಬೆತ್ತದ ಸೀಟನ್ನು ಪೂರ್ತಿ ಮುಚ್ಚುವ ದಪ್ಪ ಸ್ಪಂಜು ಹಾಕಿದರೆ ಬೆತ್ತ ಇದ್ದೂ ಇಲ್ಲದಂತೆ.

ಎಲ್ಲಿ ಹುಡುಕುವುದು, ಏನು ಕೇಳುವುದು

ಮೊದಲು ನಿಮ್ಮ ಮನೆಯ ಅಟ್ಟ, ಊರಿನ ಮನೆಯ ಹಿಂಬದಿ, ನೆಂಟರ ಉಗ್ರಾಣ ನೋಡಿ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಮೂಲೆ ಸೇರಿದ ಎಷ್ಟೋ ತೇಗದ ಕುರ್ಚಿಗಳು ಅಲ್ಲಿವೆ. ಬೆಂಗಳೂರಿನಲ್ಲಾದರೆ ಶಿವಾಜಿನಗರದ ಸುತ್ತಮುತ್ತ ಹಳೆ ಫರ್ನಿಚರ್ ಅಂಗಡಿಗಳಿವೆ. ದೂರ ಹೋಗುವವರಿಗೆ ಕೊಚ್ಚಿಯ ಮಟ್ಟಾಂಚೇರಿ, ತಮಿಳುನಾಡಿನ ಕಾರೈಕುಡಿ, ಮುಂಬಯಿಯ ಚೋರ್ ಬಜಾರ್ ಹೆಸರಾದ ಜಾಗಗಳು. ಮೊದಲ ಭೇಟಿಯಲ್ಲಿ ಏನನ್ನೂ ಕೊಳ್ಳದೆ ಬರೀ ಕೂತು, ಮಗುಚಿ, ಅಳೆದು ಬನ್ನಿ. ಕಣ್ಣು ಪಳಗುವುದು ಹಾಗೆಯೇ.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ಕುರ್ಚಿ ಎಲ್ಲಿಂದ ಬಂತು? ಯಾವ ಮರ? ಯಾವ ಭಾಗ ಬದಲಾಗಿದೆ? ಬೆತ್ತ, ಪಾಲಿಶ್ ಯಾವಾಗಿನದು? ನೂರು ವರ್ಷದ್ದೆಂದು ಹೇಳಿದರೆ ಬಿಲ್ಲಿನಲ್ಲಿ ಬರೆದುಕೊಡಲು ಕೇಳಿ. ದುರಸ್ತಿ ಖರ್ಚನ್ನು ಕೊಳ್ಳುವ ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿ.

ಎರಡು ಎಚ್ಚರಿಕೆ. ಹಳೆಯ ಮೈಸೂರು ಬೀಟೆ ಸಾಮಾನುಗಳಲ್ಲಿ ಆನೆದಂತದ ಕುಸುರಿ ಇರುತ್ತಿತ್ತು. ಇಂದು ದಂತದ ವ್ಯಾಪಾರ ವನ್ಯಜೀವಿ ಕಾನೂನಿಗೆ ವಿರುದ್ಧ. ಅಂಥ ಕುರ್ಚಿಯನ್ನು ಕೊಳ್ಳಲೇಬೇಡಿ. ಇನ್ನೊಂದು, ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ: ಬೀಟೆ 2017ರಿಂದ, ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಅಜ್ಜನ ಬೀಟೆ ಕುರ್ಚಿಯನ್ನು ಜೊತೆಗೆ ಒಯ್ಯುವ ಆಸೆಯಿದ್ದರೆ ಅದರ ವಯಸ್ಸು, ತೂಕ, ಬೇಕಾದ ಅನುಮತಿಗಳನ್ನು ಪ್ಯಾಕಿಂಗ್‌ಗೆ ಮುಂಚೆಯೇ ವಿಚಾರಿಸಿ. ನೂರು ದಾಟಿದ್ದರೆ ಅದು ಇಲ್ಲೇ ಉಳಿಯಬೇಕು.

ಮನೆಗೆ ಬಂದ ಮೇಲೆ

ಆರೈಕೆ ಕಷ್ಟವಲ್ಲ. ಕಾಲುಗಳಡಿಗೆ ಫೆಲ್ಟ್ ಅಥವಾ ರಬ್ಬರ್ ಬಿಲ್ಲೆ ಅಂಟಿಸಿ. ನೆಲ ಒರೆಸುವಾಗ ಕುರ್ಚಿ ಎತ್ತಿಡಲಿ, ಎಳೆಯದಿರಲಿ. ಬೆತ್ತದ ಕಂಡಿಗಳ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಬಲ್ಬು ಬದಲಿಸಲು ಬೆತ್ತದ ಸೀಟಿನ ಮೇಲೆ ಯಾರೂ ಹತ್ತದಂತೆ ಮನೆಯವರಿಗೆಲ್ಲ ಹೇಳಿಡಿ. ವರ್ಷಕ್ಕೆ ಒಂದೆರಡು ಸಲ ಜೇನುಮೇಣ ಸಾಕು.

ಹವೆ ಬದಲಾದಾಗ ಮರ ಅಲುಗುತ್ತದೆ. ಮಂಗಳೂರಿನ ತೇವದಲ್ಲಿ ಬಾಳಿದ ಕುರ್ಚಿ ಕಲಬುರಗಿಯ ಒಣಹವೆಗೆ, ಇಲ್ಲವೇ ಸದಾ ಎಸಿ ಓಡುವ ಕೋಣೆಗೆ ಬಂದರೆ ಕೀಲು ಸಡಿಲವಾಗಬಹುದು, ಬೆತ್ತ ಬಿರುಸಾಗಬಹುದು. ಎಸಿಯ ಗಾಳಿ ನೇರವಾಗಿ ತಾಗದ ಕಡೆ ಇಡಿ. ಮೊದಲ ವರ್ಷ ದೊಡ್ಡ ದುರಸ್ತಿ ಬೇಡ, ಒಂದು ಮಳೆಗಾಲ ಒಂದು ಬೇಸಿಗೆ ಕಳೆಯಲಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿ, ಗೋಡೆಗೂ ಕುರ್ಚಿಗೂ ನಡುವೆ ಗಾಳಿಯಾಡಲು ಬಿಡಿ.

ದುರಸ್ತಿ ಮಾಡುವವರ ಪರಿಚಯ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಕೀಲು ಬಿಚ್ಚಿ ಕಟ್ಟಬಲ್ಲ ಆಚಾರಿ, ಕೈಯಿಂದ ಬೆತ್ತ ಹೆಣೆಯಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರು ಕೇಳುವ ಕೂಲಿ ಅವರ ವಿದ್ಯೆಗೆ ತಕ್ಕದ್ದು; ಚೌಕಾಸಿ ಮಾಡಬೇಡಿ. ಹೆಣೆಯುವಾಗ ಪಕ್ಕದಲ್ಲಿ ಕೂತು ನೋಡಿ, ಮಕ್ಕಳನ್ನೂ ಕೂರಿಸಿ. ಹಳೆ ಕುರ್ಚಿ ನಮ್ಮ ಮನ್ನಣೆಗೆ ಪಾತ್ರವಾಗುವುದು ಬರೀ ವಯಸ್ಸಿನಿಂದಲ್ಲ. ಮುರಿದರೆ ಬಿಚ್ಚಿ, ಸರಿಪಡಿಸಿ, ಮತ್ತೆ ಕೂರಬಹುದು ಎಂಬಂತೆ ಅದನ್ನು ಕಟ್ಟಿದ್ದಾರೆ. ಕೆಲವೇ ವರ್ಷಕ್ಕೆ ಎಸೆಯಬೇಕಾಗುವ ಸಾಮಾನುಗಳ ನಡುವೆ ಅದು ನಮ್ಮ ಮನೆಗಳಿಗೆ ಕಲಿಸಬಹುದಾದ ಪಾಠ ಇದು.

ಈ ವಾರ ಮಾಡಲು ಒಂದು ಅಭ್ಯಾಸ ಕೊಡುತ್ತೇನೆ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಇರುವ ಒಂದು ಹಳೆ ಕುರ್ಚಿಯನ್ನು ಆರಿಸಿಕೊಳ್ಳಿ. ಹತ್ತು ನಿಮಿಷ ಕೂತು ನೋಡಿ, ಸೀಟಿನ ಎತ್ತರ ಅಳೆಯಿರಿ, ಮಗುಚಿ ಕೀಲು, ಸವೆತ, ಕಾಲಿನ ತುದಿ ಪರೀಕ್ಷಿಸಿ, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಕೂತವರು, ಅದನ್ನು ಮಾಡಿಸಿದವರು ಯಾರೆಂದು ಹಿರಿಯರನ್ನು ಕೇಳಿ ಅದನ್ನೂ ಸೇರಿಸಿ. ಆ ಹಾಳೆ ಕೈಯಲ್ಲಿದ್ದರೆ ಅಂಗಡಿಗೆ ಹೋದಾಗ ನೀವು ಹೊಸಬರಾಗಿ ಉಳಿದಿರುವುದಿಲ್ಲ. ಅಂಗಡಿಗೆ ಹೋಗುವ ಅಗತ್ಯವೇ ಬೀಳದೆ, ಬೇಕಾದ ಕುರ್ಚಿ ಮನೆಯಲ್ಲೇ ಇತ್ತೆಂದು ತಿಳಿದರೆ ಇನ್ನೂ ಒಳ್ಳೆಯದು.